ಕೊಳಗದ ಜಗಳ: ಕಾಗೋಡು ಸತ್ಯಾಗ್ರಹ ನಿಜಕ್ಕೂ ಗೆದ್ದಿತೇ?

ಬ್ರಿಟಿಷರನ್ನು ಸತ್ಯಾಗ್ರಹ ಮಾಡಿ ಕಳಿಸಿದೆವು ಅನ್ನೋಣ. ಅವರಿಗೆ ವಾಪಸು ಹೋಗಲು ಒಂದು ಊರಿತ್ತು. ಆದರೆ ಹಳ್ಳಿಯ ಗದ್ದೆಯೆಲ್ಲ ಒಂದೆರಡು ಮನೆಯವರ ಹೆಸರಲ್ಲಿದೆ, ಉಳಿದವರು ಅದೇ ಗದ್ದೆಯಲ್ಲಿ ದುಡಿದು, ಮಳೆಗಾಲಕ್ಕೆ ಅದೇ ಮನೆಯ ಬಾಗಿಲಿಗೆ ಭತ್ತ ಸಾಲ ಕೇಳಲು ಹೋಗಬೇಕು ಅಂದರೆ? ಅಲ್ಲಿ ಸತ್ಯಾಗ್ರಹ ಏನು ಮಾಡೀತು? ಜಮೀನ್ದಾರ ಊರು ಬಿಟ್ಟು ಹೋಗುವವನಲ್ಲ. ಪತ್ರ ಅವನ ಹೆಸರಲ್ಲಿದೆ, ಪೊಲೀಸರು ಅವನ ಮಾತು ಕೇಳುತ್ತಾರೆ. ಸಾಲದ ಲೆಕ್ಕದ ಪುಸ್ತಕವೂ ಅವನ ಕೈಯಲ್ಲೇ ಇದೆ.

ಇದಕ್ಕೆ ಗಾಂಧಿಯ ಫೋಟೋ ತೋರಿಸಿ 'ಆಗುತ್ತೆ' ಅನ್ನುವವರೂ ಇದ್ದಾರೆ, ನಕ್ಕು 'ಬಂದೂಕಿಲ್ಲದೆ ಯಾರು ಬಿಟ್ಟುಕೊಡ್ತಾರೆ' ಅನ್ನುವವರೂ ಇದ್ದಾರೆ. ಗಾಳಿಯಲ್ಲಿ ವಾದ ಮಾಡುವ ಬದಲು ಒಂದೇ ಊರಿನ ಕತೆಯನ್ನು ಬಿಡಿಸಿ ನೋಡೋಣ ಅನ್ನಿಸಿತು. ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕಿನ ಕಾಗೋಡು. 1951.

ನಮ್ಮಲ್ಲಿ ಕಾಗೋಡು ಅಂದರೆ ಭಾಷಣಕ್ಕೆ ಬೇಕಾದಾಗ ತೆಗೆಯುವ ಹೆಸರಾಗಿದೆ. 'ಐತಿಹಾಸಿಕ' ಅನ್ನುತ್ತಾರೆ, ಸಮಾಜವಾದಿ ನಾಯಕ ಲೋಹಿಯಾ ಬಂದಿದ್ದರು ಅನ್ನುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಜಗಳ ಯಾವುದರ ಮೇಲೆ ಶುರುವಾಯಿತು, ಯಾರಿಗೆ ಏನು ಸಿಕ್ಕಿತು, ಯಾವಾಗ ಸಿಕ್ಕಿತು ಅಂತ ಕೇಳಿದರೆ ಹೇಳುವವರು ಕಮ್ಮಿ.

ಕಣದಲ್ಲಿ ನಡೆಯುವ ಲೆಕ್ಕ

ಗದ್ದೆ ಒಡೆಯರದ್ದು, ದುಡಿಮೆ ಗೇಣಿದಾರನದ್ದು. ಎತ್ತು, ನೇಗಿಲು, ಗೊಬ್ಬರ, ಸೊಪ್ಪು ಹೊರುವ ಬೆನ್ನು ಎಲ್ಲ ಅವನದ್ದೇ. ಸುಗ್ಗಿ ಮುಗಿದ ಮೇಲೆ ಇಷ್ಟು ಖಂಡುಗ ಭತ್ತ ಒಡೆಯರ ಮನೆಗೆ ಗೇಣಿ ಅಳೆದು ಕೊಡಬೇಕು. ಕಾಗೋಡಿನ ಸುತ್ತ ಗೇಣಿ ಮಾಡುತ್ತಿದ್ದವರಲ್ಲಿ ಬಹುಪಾಲು ದೀವರು ಅನ್ನುವ ಹಿಂದುಳಿದ ಜಾತಿಯವರು. ಗದ್ದೆಯ ಒಡೆಯರು ಲಿಂಗಾಯತ ಮನೆತನದವರು.

ಅಳತೆಗೆ ಇದ್ದದ್ದು ಕೊಳಗ ಅನ್ನುವ ಪಾತ್ರೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಲೆಕ್ಕ ಎಲ್ಲ ಕೊಳಗದ ಎಣಿಕೆಯಲ್ಲೇ ನಡೆಯುತ್ತಿತ್ತು, ತೂಕದಲ್ಲಿ ಅಲ್ಲ. ತಕರಾರು ಹುಟ್ಟಿದ್ದು ಇಲ್ಲೇ. ಗೇಣಿ ಅಳೆಸಿಕೊಳ್ಳುವ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು ಅಂತ ರೈತರು ಹೇಳಿದರು. ಸರ್ಕಾರಿ ಕೊಳಗದಲ್ಲಿ ಅಳೆದರೆ ಮಾತ್ರ ಕೊಡ್ತೀವಿ ಅಂದರು.

ಪೇಟೆಯಲ್ಲಿ ಬೆಳೆದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಸರಿಯಾದ ಕೊಳಗ ಮೂರು ಸೇರು ಅಂತಿಟ್ಟುಕೊಳ್ಳಿ. ಒಡೆಯರ ಕೊಳಗ ಅರ್ಧ ಸೇರು ಜಾಸ್ತಿ ಹಿಡಿಯುತ್ತದೆ. ಹತ್ತು ಖಂಡುಗ ಗೇಣಿ ಅಂದರೆ ಇನ್ನೂರು ಕೊಳಗ. ಇನ್ನೂರು ಅರ್ಧ ಸೇರು ಅಂದರೆ ನೂರು ಸೇರು ಭತ್ತ ಪುಕ್ಕಟೆ. ಪತ್ರದಲ್ಲಿ ಗೇಣಿ ಒಂದು ಕಾಳೂ ಹೆಚ್ಚಿಲ್ಲ, ಹತ್ತು ಖಂಡುಗವೇ ಇದೆ. ಆದರೆ ಕೊಟ್ಟಿದ್ದು ಹನ್ನೊಂದೂವರೆ ಖಂಡುಗದ ಮೇಲೆ. ಆ ನೂರು ಸೇರನ್ನೇ ಆಷಾಢದಲ್ಲಿ ಬಡ್ಡಿಗೆ ತಂದು ಉಣ್ಣಬೇಕು. ಇದು ಒಂದು ವರ್ಷದ ಮಾತಲ್ಲ, ಅಪ್ಪ ಅಳೆದ, ಮಗ ಅಳೆದ.

ಇದರ ಜೊತೆಗೆ ಬಿಟ್ಟಿ ಚಾಕರಿ. ಒಡೆಯರ ಮನೆಯಲ್ಲಿ ಮದುವೆಯಾದರೆ ಸೌದೆ ಒಡೆಯಬೇಕು, ಚಪ್ಪರ ಹಾಕಬೇಕು. ಕರೆದಾಗ ಕೈ ಕಟ್ಟಿ ನಿಲ್ಲಬೇಕು. ಪಂಚೆ ಹೇಗೆ ಉಡಬೇಕು, ಎಲ್ಲಿ ಕೂರಬೇಕು ಅನ್ನುವುದಕ್ಕೂ ಕಟ್ಟಳೆ. ಇಲ್ಲಿ ಬಡತನ, ಅವಮಾನ ಎರಡೂ ಒಂದೇ ಬಾಗಿಲಿನಿಂದ ಬರುತ್ತಿದ್ದವು. ಹಾಗಾಗಿ ಕೊಳಗದ ಗಾತ್ರದ ಮಾತೆತ್ತಿದವನು ಬರೀ ಭತ್ತದ ಮಾತಾಡುತ್ತಿರಲಿಲ್ಲ. ಒಡೆಯರ ಲೆಕ್ಕ ತಪ್ಪು ಅಂತ ಹತ್ತು ಜನರ ಮುಂದೆ ಹೇಳುತ್ತಿದ್ದ. ಅವರಿಗೆ ಸಿಟ್ಟು ಬಂದಿದ್ದು ಅದಕ್ಕೇ ಇರಬೇಕು. ನೂರು ಸೇರು ಭತ್ತ ಹೋದರೆ ಆ ಮನೆ ಮುಳುಗುತ್ತಿರಲಿಲ್ಲ.

ಸಂಘ ಮೊದಲು, ಸತ್ಯಾಗ್ರಹ ಆಮೇಲೆ

ಈ ಕತೆಯಲ್ಲಿ ಎಲ್ಲರೂ ಬೇಗ ದಾಟಿಹೋಗುವ ಭಾಗ ಇದು. ಸತ್ಯಾಗ್ರಹ ಒಂದು ಬೆಳಿಗ್ಗೆ ಎದ್ದು ಶುರುವಾದದ್ದಲ್ಲ. ಅದಕ್ಕೆ ಮೊದಲೇ ಸಾಗರ ತಾಲ್ಲೂಕು ರೈತ ಸಂಘ ಕಟ್ಟಿ ಆಗಿತ್ತು. ಅದರ ಬೆನ್ನೆಲುಬು ಎಚ್. ಗಣಪತಿಯಪ್ಪ. ಮೇಷ್ಟ್ರಾಗಿದ್ದವರು. ಹಳ್ಳಿ ಹಳ್ಳಿ ಸುತ್ತಿ, ಗೇಣಿದಾರರನ್ನು ಕೂರಿಸಿ ಮಾತಾಡಿ, ಒಬ್ಬೊಬ್ಬನೇ ಹೋಗಿ ಒಡೆಯರ ಹತ್ತಿರ ಗೋಗರೆಯುವುದನ್ನು ನಿಲ್ಲಿಸಿ ಒಟ್ಟಿಗೆ ಕೇಳುವುದನ್ನು ಕಲಿಸಿದರು.

ದೀವರು ಸಾಗರ, ಸೊರಬ ಕಡೆ ಸಂಖ್ಯೆಯಲ್ಲಿ ಜಾಸ್ತಿ. ಒಂದು ಕೇರಿಗೆ ಇನ್ನೊಂದು ಕೇರಿಯ ನೆಂಟಸ್ತನ ಇದೆ. ಒಂದು ಊರಲ್ಲಿ ಮಾತು ಮುರಿದವನ ಸುದ್ದಿ ನಾಲ್ಕು ಊರಿಗೆ ಮುಟ್ಟುತ್ತದೆ. ಗೇಣಿ ಕೊಡಲ್ಲ ಅಂತ ಹತ್ತು ಮನೆ ಹೇಳಿದಾಗ ಹನ್ನೊಂದನೇ ಮನೆಯವನು ಗುಟ್ಟಾಗಿ ಹೋಗಿ ಆ ಗದ್ದೆಯನ್ನೇ ಹಿಡಿದರೆ ಎಲ್ಲ ಮುಗಿಯಿತು. ಹಾಗಾಗದಂತೆ ತಡೆಯಲು ಅಹಿಂಸೆಯ ಭಾಷಣ ಸಾಲದು, ನೆಂಟಸ್ತನದ ಕಟ್ಟು ಬೇಕು. ಕಾಗೋಡಿನಲ್ಲಿ ಅದು ಇತ್ತು. ಜಾತಿ ಅನ್ನುವುದು ಇಲ್ಲಿ ಮೇಲಿನಿಂದ ತುಳಿಯುವ ಕಾಲೂ ಆಗಿತ್ತು, ಕೆಳಗಿನವರನ್ನು ಒಟ್ಟಿಗೆ ಹಿಡಿದಿಟ್ಟ ಹಗ್ಗವೂ ಆಗಿತ್ತು. ಇದನ್ನು ಒಪ್ಪಿಕೊಳ್ಳಲು ನಮ್ಮ ಸಮಾಜವಾದಿ ಗೆಳೆಯರಿಗೆ ಸ್ವಲ್ಪ ಮುಜುಗರ, ಅಲ್ವಾ?

ಮಾತುಕತೆ ಮುರಿಯಿತು. ಮಾತು ಕೇಳದ ರೈತರನ್ನು ಗದ್ದೆಯಿಂದ ಬಿಡಿಸುವ ಕೆಲಸ ಶುರುವಾಯಿತು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭ.

ಮಾಡಿದ್ದೇನು? ತುಂಬ ಸರಳ. ತಂಡ ಕಟ್ಟಿಕೊಂಡು ನೇಗಿಲು ಹಿಡಿದು ಗದ್ದೆಗೆ ಇಳಿಯುವುದು. ಇಷ್ಟು ವರ್ಷ ಉತ್ತ ಗದ್ದೆಯನ್ನೇ ಉಳುವುದು. ಪೊಲೀಸರು ಬಂದು ಹಿಡಿದುಕೊಂಡು ಹೋಗುತ್ತಾರೆ. ಮತ್ತೆ ಇನ್ನೊಂದು ತಂಡ ಇಳಿಯುತ್ತದೆ. ಕೂಗಿದ್ದು 'ಉಳುವವನೇ ಹೊಲದೊಡೆಯ' ಅಂತ. ಉಪವಾಸ ಕೂರಲಿಲ್ಲ. ಒಡೆಯರ ಮನಸ್ಸು ಕರಗಲಿ ಅಂತ ಬಾಗಿಲ ಮುಂದೆ ಭಜನೆ ಮಾಡಲಿಲ್ಲ. ತಮ್ಮ ದಿನದ ಕೆಲಸವನ್ನೇ ಮಾಡಿದರು. ಅದನ್ನು ಅಪರಾಧ ಅಂತ ಕರೆಯುವ ಕಷ್ಟವನ್ನು ಸರ್ಕಾರಕ್ಕೆ ಬಿಟ್ಟರು.

ತಿಂಗಳನ್ನೂ ಗಮನಿಸಿ. ಏಪ್ರಿಲ್‌ನಲ್ಲಿ ಸುಗ್ಗಿ ಮುಗಿದಿದೆ, ಮಳೆ ಬಂದಿಲ್ಲ. ಜೈಲಿಗೆ ಹೋದರೂ ಗದ್ದೆಯಲ್ಲಿ ಕೆಡುವಂಥದ್ದು ಏನೂ ಇಲ್ಲ. ಜೂನ್ ಬಂತು ಅಂದರೆ ಲೆಕ್ಕವೇ ಬೇರೆ. ಮೃಗಶಿರಾ ಮಳೆ ಹಿಡಿದ ಮೇಲೆ ಅಗೆ ಹಾಕಬೇಕು, ಗದ್ದೆ ಹದ ಮಾಡಬೇಕು, ನಾಟಿ ಆಗಬೇಕು. ಆಗ ಜೈಲಲ್ಲಿದ್ದವನು ಆ ವರ್ಷದ ಅನ್ನವನ್ನೇ ಕಳೆದುಕೊಂಡ ಹಾಗೆ. ಒಡೆಯರ ಮನೆಯಲ್ಲಿ ಹಳೇ ಭತ್ತ ಪಣತದಲ್ಲಿ, ಅಂದರೆ ಕಣಜದಲ್ಲಿದೆ. ಗೇಣಿದಾರನ ಮನೆಯಲ್ಲಿ ಮಡಕೆ ಬೋರಲು ಬೀಳುತ್ತದೆ. ಸತ್ಯಾಗ್ರಹ ನಡೆಸುವವರಿಗೆ ಪೊಲೀಸರ ಲಾಠಿಗಿಂತ ದೊಡ್ಡ ಹೆದರಿಕೆ ಇದೇ ಆಗಿತ್ತು ಅನ್ನುವುದು ನನ್ನ ಊಹೆ. ಬಡವರ ಹೋರಾಟಗಳನ್ನು ಮುರಿಯಲು ಗೋಲಿಬಾರ್ ಬೇಕಾಗುವುದು ಅಪರೂಪ. ಸುಮ್ಮನೆ ಎರಡು ತಿಂಗಳು ಕಾದರೆ ಸಾಕು.

ಲೋಹಿಯಾ ಬಂದರು

ಸೋಷಲಿಸ್ಟ್ ಪಾರ್ಟಿ ಹೋರಾಟವನ್ನು ಕೈಗೆತ್ತಿಕೊಂಡಿತು. ಮುಂದೆ ನಿಂತವರು ಶಾಂತವೇರಿ ಗೋಪಾಲಗೌಡರು. ಆಗ ಅವರಿಗೆ 28 ವರ್ಷ, ತೀರ್ಥಹಳ್ಳಿ ಕಡೆಯ ಹುಡುಗ. ಬೇರೆ ಬೇರೆ ಊರಿನಿಂದ ಕಾರ್ಯಕರ್ತರು ಬಂದು ಗದ್ದೆಗೆ ಇಳಿದು ಬಂಧನಕ್ಕೆ ಒಳಗಾದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು. ಹಿಂದ್ ಕಿಸಾನ್ ಪಂಚಾಯತಿನ ಅಧ್ಯಕ್ಷರಾಗಿದ್ದವರು, ದೇಶಕ್ಕೇ ಗೊತ್ತಿದ್ದ ಹೆಸರು. ಅವರನ್ನೂ ಬಂಧಿಸಿದರು. ಕೊಳಗದ ಜಗಳ ರಾತ್ರೋರಾತ್ರಿ ದೇಶದ ಸುದ್ದಿಯಾಯಿತು.

ಇಲ್ಲಿ ಸರ್ಕಾರ ನಡೆಸುತ್ತಿದ್ದವರು ಯಾರು ಅನ್ನುವುದು ಮುಖ್ಯ. ಮೈಸೂರು ರಾಜ್ಯದಲ್ಲಿ ಕೆ.ಸಿ. ರೆಡ್ಡಿಯವರ ಕಾಂಗ್ರೆಸ್ ಸರ್ಕಾರ. ನಾಲ್ಕು ವರ್ಷದ ಹಿಂದೆ, 1947ರಲ್ಲಿ, ಇದೇ ಕಾಂಗ್ರೆಸ್ಸಿನವರು ಜವಾಬ್ದಾರಿ ಸರ್ಕಾರ ಬೇಕು ಅಂತ 'ಮೈಸೂರು ಚಲೋ' ಮಾಡಿ ಜೈಲು ತುಂಬಿಸಿದ್ದರು. ಈಗ ಜೈಲಿಗೆ ಹಾಕುವ ಸರದಿ ಅವರದ್ದು. ಗಾಂಧಿ ಟೋಪಿ ಹಾಕಿದ ಸರ್ಕಾರ ಗದ್ದೆ ಉತ್ತವನನ್ನು ಬಂಧಿಸಿತು. ಬಂದೂಕು ಹಿಡಿದವನನ್ನು ಹೊಡೆಯುವುದು ಸರ್ಕಾರಕ್ಕೆ ಸುಲಭ, ಹೊಡೆದರೆ ಜನ ಪ್ರಶ್ನೆ ಕೇಳುವುದಿಲ್ಲ. ನೇಗಿಲು ಹಿಡಿದವನನ್ನು ಹೊಡೆದರೆ ಉತ್ತರ ಕೊಡಬೇಕು. ಈ ಮುಜುಗರವೇ ರೈತರ ಬಂಡವಾಳ.

ಆದರೆ ಮುಜುಗರಕ್ಕೆ ಗದ್ದೆ ಸಿಗುವುದಿಲ್ಲವಲ್ಲ. ಸತ್ಯಾಗ್ರಹ ನಿಂತ ಮೇಲೆ ರೈತರ ಕೈಗೆ ಜಮೀನು ಬರಲಿಲ್ಲ. ಆ ಮಳೆಗಾಲ ನೋಡಿದವನನ್ನು ಕೇಳಿದ್ದರೆ ಸೋತೆವು ಅಂತಲೇ ಹೇಳುತ್ತಿದ್ದ. 'ಅಹಿಂಸಾ ಹೋರಾಟದ ಮಹಾ ವಿಜಯ' ಅಂತ ಬರೆಯುವವರು ಈ ವಾಕ್ಯವನ್ನು ನುಂಗಿಬಿಡುತ್ತಾರೆ.

ಒಂದೇ ದಿನ, ಒಂದೇ ವರ್ಷ, ಮೂರು ದಾರಿ

1951 ಅನ್ನುವುದೇ ವಿಚಿತ್ರ ವರ್ಷ. ಕಾಗೋಡಿನಲ್ಲಿ ಸತ್ಯಾಗ್ರಹ ಶುರುವಾದ ಏಪ್ರಿಲ್ 18ರಂದೇ ತೆಲಂಗಾಣದ ಪೋಚಂಪಳ್ಳಿಯಲ್ಲಿ ವಿನೋಬಾ ಭಾವೆಯವರಿಗೆ ವೇದಿರೆ ರಾಮಚಂದ್ರ ರೆಡ್ಡಿ ಅನ್ನುವ ಜಮೀನ್ದಾರ 100 ಎಕರೆ ದಾನ ಕೊಟ್ಟರು. ಭೂದಾನ ಚಳವಳಿ ಹುಟ್ಟಿದ್ದು ಆ ದಿನ. ಅದೇ ತೆಲಂಗಾಣದಲ್ಲಿ 1946ರಿಂದ ಕಮ್ಯುನಿಸ್ಟರ ನೇತೃತ್ವದಲ್ಲಿ ಸಶಸ್ತ್ರ ರೈತ ಹೋರಾಟ ನಡೆದಿತ್ತು. ಅದನ್ನು ನಿಲ್ಲಿಸಿದ್ದು 1951ರ ಅಕ್ಟೋಬರ್‌ನಲ್ಲಿ. ಅಂದರೆ ನೆಲ ಬೇಡಿ ಪಡೆಯುವುದು, ಬಂದೂಕಿನಿಂದ ಪಡೆಯುವುದು, ಉತ್ತು ಪಡೆಯುವುದು ಮೂರೂ ಒಂದೇ ವರ್ಷ ಪಕ್ಕಪಕ್ಕದಲ್ಲಿ ನಡೆದವು. ಇತಿಹಾಸ ಹೀಗೆ ಪರೀಕ್ಷೆಯ ಹಾಳೆ ಜೋಡಿಸಿಕೊಡುವುದು ಅಪರೂಪ.

ಭೂದಾನಕ್ಕೂ ಅಹಿಂಸೆ ಅಂತಲೇ ಹೆಸರು. ದೇಶದಾದ್ಯಂತ 40 ಲಕ್ಷ ಎಕರೆಗೂ ಜಾಸ್ತಿ ನೆಲ ದಾನದ ಪತ್ರದಲ್ಲಿ ಬಂತು. ಅದರಲ್ಲಿ ದೊಡ್ಡ ಪಾಲು ಕಲ್ಲು ನೆಲ, ಕೋರ್ಟಿನಲ್ಲಿದ್ದ ನೆಲ ಅಥವಾ ಹಂಚದೆ ಉಳಿದ ನೆಲ. ವಿನೋಬಾ ಮೇಲೆ ನನಗೆ ಗೌರವವಿದೆ. ಅಷ್ಟು ದೂರ ನಡೆದವರು ಇನ್ನೊಬ್ಬರಿಲ್ಲ. ಆದರೆ ಯಾವ ನೆಲ ಕೊಡಬೇಕು, ಎಷ್ಟು ಕೊಡಬೇಕು ಅನ್ನುವುದು ಕೊಡುವವನ ಕೈಯಲ್ಲೇ ಇದ್ದರೆ, ಅವನು ಬಾವಿ ಹತ್ತಿರದ ಗದ್ದೆ ಕೊಡುವುದಿಲ್ಲ. ಒಡೆಯ ಒಡೆಯನಾಗಿಯೇ ಉಳಿದ, ಈಗ ದಾನಿ ಅನ್ನುವ ಹೆಸರೂ ಸಿಕ್ಕಿತು. ಅಹಿಂಸೆ ಕೆಲಸ ಮಾಡಲ್ಲ ಅನ್ನುವವರು ಕೈ ತೋರಿಸುವುದು ಸಾಮಾನ್ಯವಾಗಿ ಭೂದಾನದ ಕಡೆ. ಅದು ಅಹಿಂಸೆ ಹೌದು, ಪ್ರತಿರೋಧ ಅಲ್ಲ. ಅಲ್ಲಿ ಯಾರೂ ಏನನ್ನೂ ನಿರಾಕರಿಸಲಿಲ್ಲ.

ತೆಲಂಗಾಣದ ವಿಷಯದಲ್ಲಿ ಪ್ರಾಮಾಣಿಕವಾಗಿರಬೇಕು. ಆ ಹೋರಾಟ ಸುಮ್ಮನೆ ಹೋಗಲಿಲ್ಲ. ಸಾವಿರಾರು ಹಳ್ಳಿಗಳಲ್ಲಿ ವೆಟ್ಟಿ, ಅಂದರೆ ಬಿಟ್ಟಿ ಚಾಕರಿ ನಿಂತಿತು. ಹೈದರಾಬಾದ್ ರಾಜ್ಯದಲ್ಲಿ 1949ರಲ್ಲಿ ಜಾಗೀರುಗಳು ರದ್ದಾದವು, 1950ರಲ್ಲಿ ಗೇಣಿದಾರರಿಗೆ ರಕ್ಷಣೆ ಕೊಡುವ ಕಾಯ್ದೆ ಬಂತು. ಆ ಕಾಯ್ದೆ ಆಗ ಹೈದರಾಬಾದಿಗೆ ಸೇರಿದ್ದ ನಮ್ಮ ಕಲಬುರಗಿ, ರಾಯಚೂರು, ಬೀದರ್‌ಗೂ ಅನ್ವಯಿಸಿತು. ಬಂದೂಕಿನ ಹೆದರಿಕೆ ಇಲ್ಲದಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲ. ಇನ್ನೂ ಮುಂದೆ ಹೋಗಿ, ಪೋಚಂಪಳ್ಳಿಯ ಆ ದಾನಕ್ಕೂ ಅದೇ ಹೆದರಿಕೆ ಹಿಂದಿತ್ತು ಅನ್ನಬಹುದು. ಆದರೆ ಬೆಲೆ ಏನು? ಸಾವಿರಾರು ಹೆಣ. 1948ರಲ್ಲಿ ಭಾರತದ ಸೈನ್ಯ ಬಂದ ಮೇಲೆ, ಹೋರಾಟಗಾರರು ಹಂಚಿದ್ದ ಜಮೀನಿನಲ್ಲಿ ಬಹಳಷ್ಟು ಮತ್ತೆ ಅಲ್ಲಿನ ಜಮೀನ್ದಾರ ದೊರೆಗಳ ಕೈ ಸೇರಿತು. ಬಂದೂಕಿನಿಂದ ಬಂದ ಗದ್ದೆಯನ್ನು ಇನ್ನೂ ದೊಡ್ಡ ಬಂದೂಕು ವಾಪಸು ಕೊಂಡೊಯ್ಯಿತು.

ಕಾಗೋಡಿನವರಿಗೆ ಆ ಮಳೆಗಾಲದಲ್ಲಿ ತೆಲಂಗಾಣದವರಿಗೆ ಸಿಕ್ಕಷ್ಟೂ ಸಿಗಲಿಲ್ಲ. ಭೂದಾನದಲ್ಲಿ ಸಿಕ್ಕ ಕಲ್ಲು ನೆಲವೂ ಸಿಗಲಿಲ್ಲ. ಆದರೆ ಅವರ ಕತೆ ಅಲ್ಲಿಗೆ ಮುಗಿಯಲಿಲ್ಲ.

ಜೈಲಿನಿಂದ ಮತಪೆಟ್ಟಿಗೆಗೆ

ಕೆಲವೇ ತಿಂಗಳಲ್ಲಿ ದೇಶದ ಮೊದಲ ಸಾರ್ವತ್ರಿಕ ಚುನಾವಣೆ. ಒಡೆಯರಿಗೂ ಒಂದೇ ವೋಟು, ಗೇಣಿದಾರನಿಗೂ ಒಂದೇ. ಕಣದಲ್ಲಿ ಕೊಳಗ ದೊಡ್ಡದು ಮಾಡಬಹುದು, ಮತಪೆಟ್ಟಿಗೆಯಲ್ಲಿ ಆಗುವುದಿಲ್ಲ. 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಸೋಷಲಿಸ್ಟ್ ಪಾರ್ಟಿಯಿಂದ ಗೆದ್ದು ಶಾಸನಸಭೆಗೆ ಹೋದರು. ಕೈಯಲ್ಲಿ ಕಾಸಿಲ್ಲದ ಮನುಷ್ಯ. 'ಒಂದು ವೋಟು, ಒಂದು ನೋಟು' ಅಂತ ಮತದಾರರ ಹತ್ತಿರವೇ ದುಡ್ಡೆತ್ತಿ ಚುನಾವಣೆ ಮಾಡುತ್ತಿದ್ದರು ಅನ್ನುವುದು ಮಲೆನಾಡಿನಲ್ಲಿ ಇವತ್ತಿಗೂ ನಡೆಯುವ ಮಾತು.

ಸತ್ಯಾಗ್ರಹ ಇಲ್ಲದೆ ಆ ಗೆಲುವು ಬರುತ್ತಿತ್ತೇ? ನನಗೆ ಅನುಮಾನ. ಎರಡು ತಿಂಗಳು ಗದ್ದೆಯಲ್ಲಿ, ಜೈಲಿನಲ್ಲಿ ಒಟ್ಟಿಗಿದ್ದವರು ಒಡೆಯರು ಹೇಳಿದ ಗುರುತಿಗೆ ವೋಟು ಹಾಕುವುದನ್ನು ಬಿಟ್ಟರು. ಸತ್ಯಾಗ್ರಹದ ನಿಜವಾದ ಫಸಲು ಇದು. ಅದು ಒಡೆಯರ ಮನಸ್ಸನ್ನು ಬದಲಿಸಲಿಲ್ಲ. ಗೇಣಿದಾರನಿಗೆ ಒಡೆಯರ ಮೇಲಿದ್ದ ಅಂಜಿಕೆಯನ್ನು ತೆಗೆಯಿತು. ಅಂಜಿಕೆ ಹೋದವನ ವೋಟು ಬೇರೆ ಕಡೆ ಹೋಯಿತು.

1952ರಲ್ಲೇ ಮೈಸೂರಿನಲ್ಲಿ ಗೇಣಿ ಕಾಯ್ದೆ ಬಂತು. 1956ರಲ್ಲಿ ರಾಜ್ಯ ಒಂದಾಯಿತು. ಬೇರೆ ಬೇರೆ ಭಾಗದ ಬೇರೆ ಬೇರೆ ಕಾನೂನು ಒಂದು ಮಾಡಲು 1957ರಲ್ಲಿ ಬಿ.ಡಿ. ಜತ್ತಿಯವರ ಸಮಿತಿ ಕೂತಿತು. ಕಂದಾಯ ಮಂತ್ರಿಯಾಗಿದ್ದ ಕಡಿದಾಳ್ ಮಂಜಪ್ಪನವರು, ಅವರೂ ಮಲೆನಾಡಿನವರೇ, 1961ರ ಭೂಸುಧಾರಣೆ ಕಾಯ್ದೆಗೆ ದುಡಿದರು. ಆದರೆ ಆ ಕಾಯ್ದೆ ಜಾರಿಯಾಗಿದ್ದು 1965ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಜಮೀನು ನೆಂಟರ ಹೆಸರಿಗೆ ಹಂಚಿಕೊಳ್ಳಲು ಬೇಕಾದಷ್ಟು ಸಮಯ ಸಿಕ್ಕಿತ್ತು. ಸ್ವಂತಕ್ಕೆ ಉಳುತ್ತೇನೆ ಅಂತ ಹೇಳಿ ಗೇಣಿದಾರನನ್ನು ಬಿಡಿಸಲು ದಾರಿಯೂ ಇತ್ತು. ಜಮೀನಿನ ಮಿತಿ 27 ಸ್ಟ್ಯಾಂಡರ್ಡ್ ಎಕರೆ, ಅಂದರೆ ನೆಲದ ಗುಣ, ನೀರು ನೋಡಿ ಲೆಕ್ಕ ಹಾಕುವ ಎಕರೆ. ಒಟ್ಟಿನಲ್ಲಿ ಕಾನೂನು ಇತ್ತು, ಗದ್ದೆ ಬರಲಿಲ್ಲ.

ಬಂದಿದ್ದು ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ. 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿ ಗೇಣಿಯನ್ನೇ ಕಿತ್ತುಹಾಕಿತು. ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಫಾರಂ ನಂಬರ್ 7 ತುಂಬಿ ಕೊಟ್ಟರೆ ಅವನ ಹೆಸರಿಗೆ. ತೀರ್ಮಾನ ಮಾಡಲು ತಾಲ್ಲೂಕಿಗೊಂದು ಭೂನ್ಯಾಯ ಮಂಡಳಿ. ಉಪವಿಭಾಗಾಧಿಕಾರಿ ಅಧ್ಯಕ್ಷ, ಜೊತೆಗೆ ಸರ್ಕಾರ ನೇಮಿಸಿದ ನಾಲ್ಕು ಜನ, ಅದರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಮೊದಲು ಪ್ರವೇಶ ಇರಲಿಲ್ಲ. ಈ ಕೊನೆಯ ಕಟ್ಟಳೆಯನ್ನು ಬರೆದವನು ಹಳ್ಳಿಯನ್ನು ಬಲ್ಲವನೇ ಇರಬೇಕು. ಗೇಣಿದಾರನ ಹತ್ತಿರ ಚೀಟಿ ಇಲ್ಲ, ರಸೀದಿ ಇಲ್ಲ. ಇದ್ದದ್ದು ಪಕ್ಕದ ಗದ್ದೆಯವನ ಬಾಯಿಮಾತು ಮಾತ್ರ. ಕೋರ್ಟಿನಲ್ಲಿ ಅದು ನಿಲ್ಲುತ್ತಿರಲಿಲ್ಲ, ಮಂಡಳಿಯಲ್ಲಿ ನಿಂತಿತು.

ಇನ್ನೊಂದು ಸಣ್ಣ ಎಳೆ. ಕಾಗೋಡಿನಲ್ಲಿ ಬಂಧನಗಳು ನಡೆದಿದ್ದ ಅದೇ 1951ರ ಜೂನ್‌ನಲ್ಲಿ ದೆಹಲಿಯಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಆಯಿತು, ಒಂಬತ್ತನೇ ಅನುಸೂಚಿ ಹುಟ್ಟಿತು. ಭೂಸುಧಾರಣೆ ಕಾನೂನುಗಳನ್ನು ಕೋರ್ಟಿನಲ್ಲಿ ಬೀಳಿಸದಂತೆ ಹಾಕಿದ ಬೇಲಿ ಅದು. ಅರಸರ ತಿದ್ದುಪಡಿಯೂ ಮುಂದೆ ಅದೇ ಬೇಲಿಯೊಳಗೆ ಸೇರಿತು.

ರಾಜ್ಯದಾದ್ಯಂತ 8 ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. 5 ಲಕ್ಷದ ಹತ್ತಿರ ಗೇಣಿದಾರರಿಗೆ ಜಮೀನು ಸಿಕ್ಕಿತು. ಕಾಗೋಡಿನ ಗೇಣಿದಾರರೂ ಹೀಗೆ ಮಾಲೀಕರಾದರು. ಅದೇ ಊರಿನ ಕಾಗೋಡು ತಿಮ್ಮಪ್ಪನವರು 1972ರಲ್ಲಿ ಸೋಷಲಿಸ್ಟರಾಗಿ ವಿಧಾನಸಭೆಗೆ ಬಂದಿದ್ದರು. ಮುಂದೆ ಸ್ಪೀಕರ್ ಆದರು, ಕಂದಾಯ ಮಂತ್ರಿಯೂ ಆದರು. ಗೇಣಿದಾರರ ಊರಿನವನು ಕಂದಾಯ ಇಲಾಖೆಯ ಕುರ್ಚಿಯಲ್ಲಿ!

ಲೋಹಿಯಾ ತೀರಿಕೊಂಡಿದ್ದು 1967ರಲ್ಲಿ, ಗೋಪಾಲಗೌಡರು 1972ರ ಜೂನ್‌ನಲ್ಲಿ. ಇಬ್ಬರೂ ಇದನ್ನು ನೋಡಲಿಲ್ಲ. 1951ರಲ್ಲಿ ನೇಗಿಲು ಹಿಡಿದು ಜೈಲಿಗೆ ಹೋದವರಲ್ಲಿ ಎಷ್ಟೋ ಜನ ನೋಡಿರಲಿಕ್ಕಿಲ್ಲ.

ಹಾಗಾದರೆ ಯಾವುದು ಕೆಲಸ ಮಾಡಿತು?

23 ವರ್ಷ. ಇದನ್ನು ಅಹಿಂಸೆಯ ಗೆಲುವು ಅನ್ನುವುದೋ, ಅರಸರ ರಾಜಕೀಯ ಲೆಕ್ಕಾಚಾರ ಅನ್ನುವುದೋ? ಎರಡನೆಯದು ಅನ್ನುವವರ ವಾದ ಹಗುರದ್ದಲ್ಲ. ಅರಸರಿಗೆ ಲಿಂಗಾಯತ, ಒಕ್ಕಲಿಗ ದೊಡ್ಡ ಜಮೀನ್ದಾರರ ಹಿಡಿತ ಮುರಿಯಬೇಕಿತ್ತು. ಅದಕ್ಕೆ ಹಿಂದುಳಿದವರ ಬೆಂಬಲ ಬೇಕಿತ್ತು. ಗೇಣಿ ರದ್ದು ಮಾಡಿದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತಿತ್ತು.

ಸರಿ. ಆದರೆ ಆ ಲೆಕ್ಕಾಚಾರ ನಡೆಯಬೇಕಾದರೆ ಹಿಂದುಳಿದವರು ಒಟ್ಟಾಗಿ ವೋಟು ಹಾಕುವ, ಒಡೆಯರ ಎದುರಿಗೆ ಫಾರಂ 7 ತುಂಬುವ ಜನ ಆಗಿರಬೇಕು. ಕಾನೂನು ಎಲ್ಲ ತಾಲ್ಲೂಕಿಗೂ ಒಂದೇ ಇತ್ತು, ಧೈರ್ಯ ಒಂದೇ ಇರಲಿಲ್ಲ. ಎಷ್ಟೋ ಕಡೆ ಗೇಣಿದಾರರು 'ಒಡೆಯರ ಉಪ್ಪು ತಿಂದು ಹೇಗೆ ಅರ್ಜಿ ಹಾಕೋದು' ಅಂತ ಸುಮ್ಮನಾದರು. ಅದಕ್ಕೇ ಅರ್ಜಿ ಕೊಡುವ ಕೊನೆಯ ದಿನವನ್ನು ಮುಂದೂಡುತ್ತ ಮುಂದೂಡುತ್ತ 1979ರ ಜೂನ್ ತನಕ ಎಳೆಯಬೇಕಾಯಿತು. ಮಲೆನಾಡು, ಕರಾವಳಿಯಲ್ಲಿ ಅರ್ಜಿ ಜಾಸ್ತಿ ಬಿದ್ದವು. ಗೇಣಿ ಪದ್ಧತಿ ಅಲ್ಲಿ ಜಾಸ್ತಿ ಇದ್ದದ್ದು ಒಂದು ಕಾರಣ. ಅಲ್ಲಿ ರೈತ ಸಂಘಗಳು ಮೊದಲೇ ನೆಲ ಹದ ಮಾಡಿದ್ದು ಇನ್ನೊಂದು.

ನನ್ನ ತೀರ್ಮಾನ ಇಷ್ಟು. ಕಾಗೋಡಿನಲ್ಲಿ ಕೆಲಸ ಮಾಡಿದ್ದು ಅಹಿಂಸೆಯ ಪುಣ್ಯ ಅಲ್ಲ. ಶ್ರೀಮಂತಿಕೆ ಯಾವ ಬೇರಿನ ಮೇಲೆ ನಿಂತಿದೆಯೋ ಅಲ್ಲೇ ಕೈ ಹಾಕಿದ್ದು. ಒಡೆಯರ ಸಂಪತ್ತು ಅಂದರೆ ಗೇಣಿ. ಗೇಣಿ ಅಂದರೆ ಗೇಣಿದಾರ ತಾನಾಗಿ ಕಣದಲ್ಲಿ ಅಳೆದು, ತಾನೇ ಹೊತ್ತು ತಂದು ಕೊಡುವ ಭತ್ತ. ಅವನು ಕೈ ಕಟ್ಟಿ ಕೂತರೆ ಎಷ್ಟು ಪೊಲೀಸರು ಬಂದರೂ ಭತ್ತ ತಾನಾಗಿ ನಡೆದು ಪಣತ ಸೇರುವುದಿಲ್ಲ. ಬಂದೂಕು ಹಿಡಿದಿದ್ದರೆ ಸರ್ಕಾರಕ್ಕೆ ಗೊತ್ತಿರುವ ಆಟ ಆಗುತ್ತಿತ್ತು. ದಾನ ಕೇಳಿದ್ದರೆ ಒಡೆಯರಿಗೆ ಗೊತ್ತಿರುವ ಆಟ. ಇಲ್ಲ ಅಂದಿದ್ದು ಇಬ್ಬರಿಗೂ ಹೊಸದು. ಅದರ ಬೆನ್ನಿಗೇ ವೋಟು ಬಂದಿದ್ದರಿಂದ ಆ 'ಇಲ್ಲ' ಉಳಿಯಿತು. ವೋಟಿಲ್ಲದ ರಾಜ್ಯದಲ್ಲಿ, ಅಥವಾ ಸಂಘ ಇಲ್ಲದ ಊರಲ್ಲಿ, ಇದೇ ಸತ್ಯಾಗ್ರಹ ಒಂದು ಮಳೆಗಾಲದಲ್ಲಿ ಕೊಚ್ಚಿ ಹೋಗುತ್ತಿತ್ತು.

ಯಾರ ಕೈಗೆ ಬರಲಿಲ್ಲ

ಈಗ ಕಹಿ ಭಾಗ. ಗೇಣಿದಾರನ ಕೈಯಲ್ಲಿ ತಡೆಹಿಡಿಯಲು ಒಂದು ವಸ್ತು ಇತ್ತು, ಗೇಣಿ. ಅವನ ಗದ್ದೆಯಲ್ಲೇ ಕೂಲಿಗೆ ಬರುತ್ತಿದ್ದವರ ಕೈಯಲ್ಲಿ ಏನಿತ್ತು? ನೆಲವಿಲ್ಲದ ಕೂಲಿಗಳಲ್ಲಿ ಬಹಳ ಜನ ದಲಿತರು. 1974ರ ಕಾನೂನು ಉಳುವವನಿಗೆ ನೆಲ ಕೊಟ್ಟಿತು. ಆದರೆ ಅದರ ಪ್ರಕಾರ ಉಳುವವನು ಅಂದರೆ ಗೇಣಿದಾರ. ಕಳೆ ಕೀಳುವವಳು, ನಾಟಿ ಮಾಡುವವಳು, ಹೊರೆ ಹೊರುವವನು ಆ ಲೆಕ್ಕಕ್ಕೆ ಬರಲಿಲ್ಲ. ಅವರಿಗೆ ತುಂಬಲು ಫಾರಂ 7 ಇರಲಿಲ್ಲ. ಮಿತಿ ಮೀರಿದ ಹೆಚ್ಚುವರಿ ಜಮೀನಿನಿಂದ ಅವರಿಗೆ ಸಿಕ್ಕಿದ್ದು ಗೇಣಿದಾರರಿಗೆ ಸಿಕ್ಕಿದ್ದರ ಮುಂದೆ ತೀರ ಸ್ವಲ್ಪ. ಕೆಲವು ಕಡೆ ನಿನ್ನೆಯ ಗೇಣಿದಾರನೇ ಇವತ್ತಿನ ಒಡೆಯನಾಗಿ ಕೂಲಿಯವರ ಜೊತೆ ಹಳೆ ಒಡೆಯರ ಹಾಗೆಯೇ ನಡೆದುಕೊಂಡ. ಕಾಗೋಡನ್ನು ಮೆಚ್ಚುವವರು ಇದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಕೂಲಿಯವರ ಹತ್ತಿರ ತಡೆಹಿಡಿಯಲು ಏನೂ ಇರಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಕೊಯ್ಲಿನ ವಾರ ಅವರದ್ದು. ತೆನೆ ಬಗ್ಗಿದ ಗದ್ದೆ, ಮೇಲೆ ಮೋಡ, ಕೆಳಗೆ ಕುಡುಗೋಲು ಹಿಡಿಯುವವರಿಲ್ಲ ಅಂದರೆ ಎಂಥ ಜಮೀನ್ದಾರನೂ ಮಾತಿಗೆ ಬರುತ್ತಾನೆ. ಪಕ್ಕದ ಕೇರಳದ ಕುಟ್ಟನಾಡಿನಲ್ಲಿ ಕೂಲಿ ಸಂಘಗಳು ಇದನ್ನೇ ಮಾಡಿ ಕೂಲಿ ಏರಿಸಿಕೊಂಡವು. ನಮ್ಮಲ್ಲಿ ಗೇಣಿ ರದ್ದಾದ 1974ರಲ್ಲೇ ಅಲ್ಲಿ ಕೃಷಿ ಕಾರ್ಮಿಕರಿಗೆ ಅಂತಲೇ ಒಂದು ಕಾನೂನು ಆಯಿತು. ನಮ್ಮ ಸಾಗರ, ಸೊರಬ, ತೀರ್ಥಹಳ್ಳಿಯಲ್ಲಿ ಗೇಣಿದಾರರಿಗೆ ಒಬ್ಬ ಗಣಪತಿಯಪ್ಪ ಇದ್ದರು. ಕೂಲಿಯವರನ್ನು ಹಾಗೆ ಕೇರಿ ಕೇರಿ ಸುತ್ತಿ ಕೂರಿಸಿದ ಮೇಷ್ಟ್ರು ಆ ಕಾಲದಲ್ಲಿ ಯಾರೂ ಬರಲಿಲ್ಲ. ಜಮೀನು ಸಿಕ್ಕ ಮೇಲೆ ರೈತ ಸಂಘದವರಿಗೂ ಆ ಕಡೆ ಹೋಗುವ ಉಮೇದು ಉಳಿದಿರಲಿಲ್ಲ. ಈಗ ಕೂಲಿಗೆ ಕರೆಯುವವರು ಅವರೇ ಆಗಿದ್ದರು.

2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದರು. ಕೃಷಿಕರಲ್ಲದವರೂ, ಎಷ್ಟೇ ವರಮಾನ ಇದ್ದವರೂ ಈಗ ಕೃಷಿ ಜಮೀನು ಕೊಳ್ಳಬಹುದು. ವಿರೋಧಿಸಿ ರೈತ ಸಂಘಟನೆಗಳು ಬೀದಿಗೆ ಇಳಿದವು, ಬಂದ್ ಆಯಿತು, ಕಾನೂನು ನಿಲ್ಲಲಿಲ್ಲ. ಈ ಸಲ ಎದುರಿಗಿದ್ದವನು ಕಣದಲ್ಲಿ ಕೊಳಗ ಹಿಡಿದು ನಿಂತ ಒಡೆಯನಲ್ಲ, ನೋಂದಣಿ ಕಚೇರಿಗೆ ಒಂದು ದಿನ ಬಂದು ಹೋಗುವ ಖರೀದಿದಾರ. ಅವನ ದುಡ್ಡು ಬೆಳೆಯುವುದು ಈ ಗದ್ದೆಯ ಭತ್ತದಿಂದ ಅಲ್ಲ. ಗದ್ದೆ ಪಾಳು ಬಿದ್ದರೂ ಅವನಿಗೆ ನಷ್ಟವಿಲ್ಲ. ಹಾಗಾಗಿ ಗದ್ದೆಗೆ ಇಳಿದು ಉಳುವುದರಿಂದ ಅವನನ್ನು ಕಟ್ಟಿಹಾಕಲು ಆಗುವುದಿಲ್ಲ. ಅವನ ಸಂಪತ್ತಿಗೆ ಯಾರ ದಿನದ ದುಡಿಮೆ ಬೇಕು, ಅದು ಯಾವ ಊರಲ್ಲಿ, ಯಾವ ಕಚೇರಿಯಲ್ಲಿ, ಯಾವ ಗೋದಾಮಿನಲ್ಲಿ ನಡೆಯುತ್ತದೆ ಅನ್ನುವುದನ್ನು ಮೊದಲು ಹುಡುಕಬೇಕು. ಗಣಪತಿಯಪ್ಪನವರಿಗೆ ಅದು ಊರಿನ ಕಣದಲ್ಲೇ ಕಣ್ಣಿಗೆ ಕಾಣುತ್ತಿತ್ತು.